ಮುಳ್ಳುಮೀನಿನ ಖೋಲಿ ಕಾಯೋ ಕೆಲಸ

ಕಂಪ್ಯೂಟರ್ ಖೋಲಿಗೆ ಅಟೆಂಡರ್ ಆಗಿ ಬರೋರಿಗೆ ಮೊದಲೇ ಹೇಳಿಬಿಡ್ತೀನಿ. ಈ ಕೆಲಸದಾಗ ಕಸ ಹೊಡಿಯೋದು ಸಣ್ಣದು, ಬಾಗಲಾ ಹಾಕೋದು ದೊಡ್ಡದು. ಬಾಗಲಾ ತಗಿ ಅನ್ನೋರು ಬಹಳ ಮಂದಿ ಇರ್ತಾರ. ಮ್ಯಾನೇಜರ್ ಅಂತಾನ, ಕರೆಂಟಿನಂವ ಅಂತಾನ, ಚಾ ತರೋನೂ ಅಂತಾನ. ಹಾಕು ಅನ್ನೋರು ಒಬ್ರೇ ಇರ್ತಾರ. ಅವರ ಮಾತು ಕೇಳ್ರಿ.

ನಾನು ತಾಯಮ್ಮ. ನಾರಾಯಣಪೇಟೆಯ ಒಂದು ನೇಕಾರರ ಸಂಘದಾಗ ಮೊದಲ ಕಂಡಿಕಿಗೆ ನೂಲು ಸುತ್ತುತಿದ್ದೆ. ಕಣ್ಣು ಮಂಜಾದ ಮ್ಯಾಲ ಸಣ್ಣ ನೂಲು ಕಾಣಲಿಲ್ಲ. ಅಧ್ಯಕ್ಷರು, "ದೊಡ್ಡ ಬೀಗ ಕಾಣ್ತೈತಿಲ್ಲೇನಮ್ಮ?" ಅಂದ್ರು. ಕಾಣ್ತೈತಿ ಅಂದೆ. ಕಂಪ್ಯೂಟರ್ ಖೋಲಿಗೆ ಹಾಕಿದ್ರು. ಅಲ್ಲಿಂದ ನಿವೃತ್ತಿ ಆಗೋತನ ಅದೇ ಖೋಲಿ. ಕನ್ನಡ ಸಾಲಿಯಾಗ ಮೂರನೇತ್ತಾ ತನಕ ಓದೀನಿ. ಬಸ್ಸಿನ ತೆಲುಗು ಬೋರ್ಡ್ ಓದ್ತೀನಿ. ಇಂಗ್ಲಿಷ್ ಅಕ್ಷರ ಮಾರಿ ನೋಡಿ ಗುರುತು ಹಿಡೀತೀನಿ, ಹೆಸರು ಕೇಳಬ್ಯಾಡ್ರಿ.

ಸಂಘಕ್ಕ ಮೂರು ಕಡೆ ಆಫೀಸು. ನಾರಾಯಣಪೇಟೆದಾಗ ದೊಡ್ಡದು, ಮಕ್ತಲ್‌ದಾಗ ನೂಲಿನ ಗೋದಾಮು, ಗದ್ವಾಲದಾಗ ಡಿಸೈನ್ ಮಂದಿ. ಸೀರಿ ಬಾರ್ಡರಿನ ಚಿತ್ರ ಗದ್ವಾಲದಾಗ ಬರೀತಾರ. ಅಲ್ಲಿ ಕಂಪ್ಯೂಟರಿಗೆ ಏರಿಸಿದ್ದೆಲ್ಲಾ ತಂತಿ ಮ್ಯಾಲ ಬಂದು ನಮ್ಮ ಖೋಲಿಯಾಗಿನ ಯಂತ್ರದಾಗ ಕೂಡ್ತೈತಿ. ಬೇಕಾದಾಗ ಅವರು ಅಲ್ಲಿಂದಲೇ ತಗದು ನೋಡ್ತಾರ. ಬಾರ್ಡರಿನ ಚಿತ್ರ ಅಂದ್ರ ನೇಕಾರರ ಅನ್ನ. ಒಂದು ಸಲ ಹೊಸಾ ಬಾರ್ಡರ್ ನಾವು ನೇಯೋಕಿಂತ ಮೊದಲೇ ಯಾವುದೋ ಊರಿನ ಪವರ್‌ಲೂಮಿನಾಗ ನೇಯ್ದು ಸಂತಿಗೆ ಬಂದಿತ್ತು. ಯಾರೋ ಫೋನಿನಾಗ ಫೋಟೋ ಹೊಡದಿದ್ರು. ಆವತ್ತಿಂದ ಕಮಿಟಿ ಒಂದು ಕಾಯ್ದೆ ಮಾಡ್ತು. ಡಿಸೈನ್ ಖೋಲಿಗೆ ಫೋನ್ ಒಯ್ಯಂಗಿಲ್ಲ, ಡಿಸೈನ್ ಪೆನ್‌ಡ್ರೈವಿನಾಗ ಹಾಕಂಗಿಲ್ಲ, ತಂತಿ ಬಿಟ್ಟು ಬ್ಯಾರೆ ಹಾದಿಲೆ ಹೋಗಂಗಿಲ್ಲ.

ನಾ ಸೇರಿದಾಗ ಖೋಲಿಯಾಗ ಎಲ್ಲಾರ ಮನ್ಯಾಗ ಇರೋ ಅಂಥಾದೇ ಕಂಪ್ಯೂಟರ್ ಇತ್ತು. ಒಂದಿನ ಮುಂಜಾನೆ ಹಚ್ಚಿದ್ರ ಪರದೆ ತುಂಬಾ ಕೆಂಪು. ಒಳಗಿನ ಚಿತ್ರಕ್ಕೆಲ್ಲಾ ಯಾರೋ ಕಾಣದಂವ ಬೀಗ ಹಾಕಿ, ರೊಕ್ಕ ಕೊಟ್ರ ತಗೀತೀನಿ ಅಂತ ಬರದಿದ್ದ. ಕೊಡಲಿಲ್ಲ. ಚಿತ್ರ ಹೋದ್ವು. ಗದ್ವಾಲದ ಈರಣ್ಣ, ಡಿಸೈನ್ ಬರೆಯೋ ಹಿರಿಯ, ನೆನಪಿದ್ದಷ್ಟು ತಿರುಗಿ ಬರದ. ನೆನಪಿಲ್ಲದ್ದು ಹೋದ್ವು ಅಷ್ಟೇ.

ಆಮ್ಯಾಲ ಕಂಪ್ಯೂಟರ್ ನೋಡ್ಕೊಳ್ಳಾಕ ಬಂದಾಕಿ ನಸೀಮಾ. ಮಕ್ತಲ್‌ದಾಕಿ, ದಿನಾ ಬಸ್ಸಿಗೆ ಬರ್ತಿದ್ಲು. ಖೋಲಿ ನೋಡಿದಾಕೀನೇ ಹಳೇ ಕಂಪ್ಯೂಟರ್ ಖಾಲಿ ಮಾಡಿ ಬ್ಯಾರೆ ಆಪರೇಟಿಂಗ್ ಸಿಸ್ಟಮ್ ಹಾಕಿದ್ಲು. ಆಪರೇಟಿಂಗ್ ಸಿಸ್ಟಮ್ ಅಂದ್ರ ಯಂತ್ರಕ್ಕ ಉಸಿರಿದ್ದಂಗ, ಅದಿಲ್ಲದ ಯಂತ್ರ ಬರೇ ಡಬ್ಬಿ. ಆಕಿ ಹಾಕಿದ್ದು ಯುನಿಕ್ಸ್ ಅನ್ನೋ ಹಳೇ ಮನೆತನದ್ದಂತ. ಅದರ ಗುರುತು ಒಂದು ಉಬ್ಬಿದ ಮೀನು, ಮೈತುಂಬ ಮುಳ್ಳು. ಆ ಚಿತ್ರ ಯಂತ್ರದ ಮ್ಯಾಲ ಅಂಟಿಸಿದ್ಲು. ಹೆಸರು ನಮ್ಮ ಬಾಯಾಗ ತಿರುಗಲಿಲ್ಲ, ಮುಳ್ಳುಮೀನು ಅಂದ್ವಿ. ಆಫೀಸೆಲ್ಲಾ ಹಂಗೇ ಅಂತು.

ಅಧ್ಯಕ್ಷರು ಕೇಳಿದ್ರು, "ಇದಕ್ಕ ಎಷ್ಟು ಕೊಡಬೇಕಮ್ಮ?"

"ಪುಕಟೆ ಐತ್ರಿ."

"ಪುಕಟೆ ಬೀಗನಾ? ಯಾವ ಕಳ್ಳ ಕೊಟ್ಟ?"

ನಸೀಮಾ ನಕ್ಕಳು. ದೇಶದೇಶದ ಮಂದಿ ಕೂಡಿ ಇದನ್ನ ಮಾಡ್ತಾರ, ಮಾಡಿದ್ದರ ಸಾಲುಸಾಲು ಎಲ್ಲಾರೂ ಓದೋಹಂಗ ಬಿಚ್ಚಿ ಇಡ್ತಾರ, ತಾವೇ ಮತ್ತ ಮತ್ತ ಓದಿ ಹುಳುಕು ಹುಡುಕ್ತಾರ, ಸಿಕ್ರ ತಾವೇ ಡಂಗುರ ಹೊಡೀತಾರ ಅಂದ್ಲು. ಅಧ್ಯಕ್ಷರಿಗೆ ನಂಬಿಕಿ ಬರಲಿಲ್ಲ. ನಂಗೂ ಬರಲಿಲ್ಲ. ಬೀಗ ಮಾಡೋ ವಿದ್ಯಾ ಊರಿಗೆಲ್ಲಾ ತೋರಿಸಿದ್ರ ಅದು ಎಂಥಾ ಬೀಗ?

"ಅವ್ವಾ, ಬೀಗ ಮಾಡೋ ವಿದ್ಯಾ ಮುಚ್ಚಿಟ್ರ, ಆ ವಿದ್ಯಾ ಹೊರಗ ಬಿದ್ದ ದಿನ ಬೀಗ ಸತ್ತಂಗ. ಇದು ಎಲ್ಲಾರೂ ನೋಡಿದ ಮ್ಯಾಲೂ ತಗಿಯಾಕ ಬರಂಗಿಲ್ಲ. ಕೀಲಿ ಒಂದೇ ಮುಚ್ಚಿಡಬೇಕು," ಅಂದ್ಲು. ಅದನ್ನ ಒಂದು ವಾರ ವಿಚಾರ ಮಾಡಿದೆ. ಖರೆ ಅನಸ್ತು.

ಇನ್ನೊಂದು ಅದರ ಗುಣ. ಬ್ಯಾರೆ ಕಂಪ್ಯೂಟರ್ ಬರೋವಾಗಲೇ ತಂತಿ ಮ್ಯಾಲ ಒಳಗ ಬರೋ ಹತ್ತು ಬಾಗಲಾ ತಗದಿಟ್ಟೇ ಬರ್ತಾವಂತ, ಬ್ಯಾಡಾದ್ದು ನೀವು ಹಾಕ್ಕೋಬೇಕು. ಇದು ಎಲ್ಲಾ ಹಾಕ್ಕೊಂಡು ಬರ್ತೈತಿ. ಬೇಕಾದ ಬಾಗಲಾ ಯಾಕ ಬೇಕು ಅಂತ ತಿಳಕೊಂಡು ನೀವೇ ತಗೀಬೇಕು. ಅದಕ್ಕೇ, ಮೊದಲ ಒಂದು ತಿಂಗಳು ಯಾರಿಗೂ ಅದರ ಮ್ಯಾಲ ಪ್ರೀತಿ ಬರಲಿಲ್ಲ.

ನನ್ನ ಒಂದು ಹುಚ್ಚುತನ ಬರದು ಮುಂದ ಹೋಗ್ತೀನಿ, ನೀವೂ ಮಾಡ್ಬಹುದು. ಮಗ್ಗದ ಮನ್ಯಾಗ ಬ್ಯಾಸಗಿಗೆ ತೊಯ್ದ ಗೋಣಿ ತಟ್ಟು ಕಟ್ತೀವಿ. ಗಾಳಿ ಒಣಗಿದ್ರ ಎಳಿ ಕಡೀತಾವ, ತಂಪಿದ್ರ ಬಾಳ್ತಾವ. ನಾ ಯಂತ್ರಕ್ಕೂ ಬ್ಯಾಸಗಿ ಅಂತ ಕಿಡಕಿ ತುಂಬ ತೊಯ್ದ ತಟ್ಟು ಕಟ್ಟಿದೆ. ನಸೀಮಾ ಬಂದು ನೋಡಿ, "ಅರೆ ಅಲ್ಲಾ! ಅವ್ವಾ, ಇದು ನೂಲಲ್ಲ!" ಅಂತ ಓಡಿ ಹೋಗಿ ಹರದು ಹಾಕಿದ್ಲು. ನೂಲಿಗೆ ಜೀವ ಆದ ಹಸಿ ಗಾಳಿ ಯಂತ್ರಕ್ಕ ಸಾವು. ಹಳೇ ಕೆಲಸದ ಶಾಣ್ಯಾತನ ಹೊಸಾ ಕೆಲಸದಾಗ ಬಾಗಲ ಹೊರಗ ಬಿಡ್ರಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ನಾ ನಿವೃತ್ತಿ ಆಗಿ ಮನಿಗೆ ಹೋಗೋ ವರ್ಷದ್ದು. ಹಳೇ ಮ್ಯಾನೇಜರ್ ಹೋಗಿ ಸುಧಾಕರ ಸಾರ್ ಅಂತ ಹೊಸಬ ಬಂದಿದ್ದ. ತೆಲುಗಿನಂವ, ಕನ್ನಡ ತಿಳೀತಿತ್ತು, ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅವನಿಗೆ ಮುಳ್ಳುಮೀನು ಆಗ್ತಿರಲಿಲ್ಲ. ತನ್ನ ಮನಿಯಿಂದ ಡಿಸೈನ್ ನೋಡಾಕ ಯಂತ್ರದ ಬಾಗಲಾ ತಗಿ ಅಂದಿದ್ದ. ನಸೀಮಾ ಕಮಿಟಿ ಕಾಗದ ತರ್ರಿ ಅಂದಿದ್ಲು. ಅಲ್ಲಿಗೆ ವೈರ ಬಿತ್ತು.

ಮುಳ್ಳುಮೀನಿಗೆ ಆರು ತಿಂಗಳಿಗೊಮ್ಮೆ ಹೊಸಾ ಆವೃತ್ತಿ ಬರ್ತೈತಿ. ಒಂದು ಬುಧವಾರ ನಸೀಮಾ ಅದನ್ನ ಹಾಕಿದ್ಲು. ಹಾಕಿದ್ದೇ ತಡ, ಗದ್ವಾಲದ ಕಂಪ್ಯೂಟರಿಗೆ ನಮ್ಮ ಯಂತ್ರ ಬಾಗಲಾ ತಗೀಲಿಲ್ಲ. ಮುಂದಿನ ಸೋಮವಾರ ಮಧ್ಯಾಹ್ನ ಗದ್ವಾಲಕ್ಕ ಹೈದರಾಬಾದಿನ ಖರೀದಿದಾರರು ಹೊಸಾ ಬಾರ್ಡರ್ ನೋಡಾಕ ಬರೋರಿದ್ರು. ಅವರು ನೋಡಿ ಒಪ್ಪಿದ್ರೇ ಮಗ್ಗಕ್ಕ ಕೆಲಸ.

ಮ್ಯಾನೇಜರ್ ಖೋಲಿ ಬಾಗಲಿಗೆ ನಿಂತು ಹೇಳಿದ. "ಸೋಮವಾರಂ ಲೋಪಲ, ಸೋಮವಾರದೊಳಗ, ಗದ್ವಾಲಕ್ಕ ಡಿಸೈನ್ ಕಾಣಬೇಕು. ಇಲ್ಲಂದ್ರ ಈ ಚೇಪ, ನಿನ್ನ ಮೀನೂ ಹೊರಗ, ನುವ್ವೂ ಹೊರಗ. ಕಂಪ್ಯೂಟರ್ ಮಾರೋ ಕಂಪನಿಯಂವಗ ಹೇಳೀನಿ, ಹೊಸಾ ಮಿಶಿನ್ ತರ್ತಾನ."

ನಸೀಮಾನ ಗಂಡ ಕೈ ಮುರಕೊಂಡು ಮನ್ಯಾಗ ಕೂತಿದ್ದ. ಮನಿಗೆ ಆಕಿ ದುಡಿಮಿ ಒಂದೇ. ಆಕಿ ಕಂಪ್ಯೂಟರ್ ಮುಂದ ಕುರ್ಚಿ ಎಳಕೊಂಡ್ಲು. ಕೂತು ಕಾಗದ ಬರದ್ಲು.

ಮುಳ್ಳುಮೀನು ಮಾಡೋ ಮಂದಿಗೆ ಒಂದು ಕಟ್ಟಿ ಐತಿ, ಅಂಚೆ ಪಟ್ಟಿ ಅಂತಾರ. ಯಾರಾದ್ರೂ ಕಂಪ್ಯೂಟರಿನಿಂದ ಕಾಗದ ಬರೀಬಹುದು, ಯಾರಾದ್ರೂ ಉತ್ತರ ಕೊಡ್ಬಹುದು, ಬರದದ್ದು ಎಲ್ಲಾರಿಗೂ ಕಾಣ್ತೈತಿ, ವರ್ಷ ಹೋದ್ರೂ ಅಳಸಂಗಿಲ್ಲ. ನಸೀಮಾ ಬರದದ್ದನ್ನ ನಂಗ ಕನ್ನಡದಾಗ ಹೇಳಿದ್ಲು. ಮಾನ್ಯರಾದ ತಮಗೆ ಅನಂತ ನಮಸ್ಕಾರ. ನಮ್ಮದು ಬಡ ನೇಕಾರರ ಸಂಘ. ತಾವು ಜ್ಞಾನಿಗಳು. ಗದ್ವಾಲದ ಯಂತ್ರ ಕೂಡ್ತಾ ಇಲ್ಲ. ದೊಡ್ಡ ಮನಸು ಮಾಡಿ ದಾರಿ ತೋರಿಸ್ಬೇಕು.

ಚಲೋ ಬರದಿ ಅಂದೆ. ನಮ್ಮ ಕಡೆ ನಿಜಾಮನ ಕಾಲದಿಂದ ಅರ್ಜಿ ಅಂದ್ರ ಹಿಂಗೇ. ಹೊಗಳಿಕಿ ಮುಂದ, ಬಡತನ ನಡುವ, ಕೊನೀಗೆ ಕೈ ಮುಗಿಯೋದು. ನಾ ಏನು ಮಾಡಿದೆ ಅನ್ನೋದು ಮಾತ್ರ ಎಲ್ಲೂ ಬರಬಾರದು. ಬರದ್ರ ಸಮಜಾಯಿಷಿ ಕೊಡು ಅಂತಾರ, ಕೊಟ್ರ ಅದನ್ನೇ ಹಿಡಕೊಂಡು ಕೊಳ್ಳಿಗೆ ಹಗ್ಗ ಹಾಕ್ತಾರ. ಆಫೀಸಿನಾಗ ಬೆಳದ ಮಂದಿಗೆ ಇದು ತಾಯಿಹಾಲಿನಾಗ ಬಂದೈತಿ.

ಮರುದಿನ ಉತ್ತರ ಬಂತು. ಒಬ್ಬ ಅಂದಿದ್ದ, ಮೊದಲು ಕೈಪಿಡಿ ಓದು. ಇನ್ನೊಬ್ಬ ಅಂದಿದ್ದ, "ಯಾವ ಆವೃತ್ತಿ? ನೀನು ಏನು ಮಾಡಿದಿ? ಯಂತ್ರ ಏನಂತು? ಅದು ಬರೆಯೋ ದಿನಚರಿಯಾಗಿನ ಸಾಲು ಎಲ್ಲಿ? ನಾವು ಕವಡಿ ಹಾಕಿ ನೋಡೋರಲ್ಲ."

ಮ್ಯಾನೇಜರ್ ಆಕಿ ಹೆಗಲ ಮ್ಯಾಲಿಂದ ಓದಿಬಿಟ್ಟ. ಖುಷಿ ಅಂದ್ರ ಖುಷಿ. "ಚೂಶಾವಾ, ನೋಡಿದೇನು? ಪುಕಟೆ ಕೊಡೋರು ಪುಕಟೆನೇ ಬೈತಾರ. ರೊಕ್ಕ ಕೊಟ್ರ ಕಂಪನಿಯಂವ ಸಾರ್ ಮೇಡಂ ಅಂತಾನಮ್ಮಾ."

ಅಂವ ಹೋದ ಮ್ಯಾಲ ನಸೀಮಾನ ಕಣ್ಣು ತುಂಬಿದ್ವು. "ಇಷ್ಟು ಮಂದಿ ಮುಂದ ಮಾನ ಹೋತು ಅವ್ವಾ. ಇನ್ನ ಬರಿಯಂಗಿಲ್ಲ ನಾ."

"ಅವರು ಎಲ್ಲಿ ಬೈದಾರ?" ಅಂದೆ. "ನೀ ಡಾಕ್ಟರ್ ಮುಂದ ಹೋಗಿ ನೀವು ದೇವರು, ನೀವು ದೇವರು ಅಂತ ಕೂತಿದಿ. ಅಂವ ಎಲ್ಲಿ ಬ್ಯಾನಿ ಅಂತ ಕೇಳ್ಯಾನ. ಹೇಳು."

"ಹೇಳಿದ್ರ ತಪ್ಪು ನಂದೇ ಅಂತ ಕಾಣ್ತೈತಿ."

"ನಿಂದೇ ಐತೇನು?"

ಕಣ್ಣು ಒರಸಿಕೊಂಡ್ಲು. "ಹೊಸಾ ಆವೃತ್ತಿ ಹಾಕೋಕಿಂತ ಮೊದಲು ಓದೋ ಪುಟ ಒಂದು ಇರ್ತೈತಿ. ಈ ಸಲ ಪೂರಾ ಓದಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು."

"ಹಂಗಂತ ಬರಿ."

ಎರಡನೇ ಕಾಗದದಾಗ ನಮಸ್ಕಾರನೂ ಇರಲಿಲ್ಲ, ಬಡತನನೂ ಇರಲಿಲ್ಲ. ಬುಧವಾರ ಇದನ್ನ ಮಾಡಿದೆ, ಇದನ್ನ ಓದಲಿಲ್ಲ, ಇದು ಆಗಬೇಕಿತ್ತು, ಇದು ಆತು. ದಿನಚರಿಯ ಸಾಲು ಹಾಕಾಕ ಹೋದಾಗ ಆಕಿಗೇ ಅರ್ಧ ತಿಳೀತು. ಇಟ್ಟ ಚಾ ಆರೋದ್ರೊಳಗ ಉತ್ತರ ಬಂತು, ಅದೂ ಮೊದಲ ಕವಡಿ ಮಾತು ಅಂದಂವನಿಂದ. ಗದ್ವಾಲದ ಕಂಪ್ಯೂಟರ್ ನಿಮ್ಮ ಯಂತ್ರಕ್ಕ ತೋರಿಸೋ ಕೀಲಿ ಹಳೇ ನಮೂನಿದು, ಈ ಆವೃತ್ತಿ ಅದನ್ನ ತಗೊಳ್ಳಂಗಿಲ್ಲ, ಗದ್ವಾಲದಾಗ ಹೊಸಾ ಕೀಲಿ ಮಾಡು. ಹಳೇದನ್ನ ಒಪ್ಪಸಾಕ ಒಂದು ಸಾಲು ಹಾಕ್ಬಹುದು. ಹಾಕ್ಬ್ಯಾಡ.

ಮ್ಯಾನೇಜರಿಗೆ ಆ ಒಂದು ಸಾಲು ಸಾಕಾತು. "ಹಾಕಮ್ಮಾ, ಈಗಲೇ ಹಾಕು."

"ಗದ್ವಾಲದಾಗ ನೌಕರಿ ಬಿಟ್ಟುಹೋದ ಗುಮಾಸ್ತನ ಲ್ಯಾಪ್‌ಟಾಪಿನಾಗೂ ಅದೇ ಹಳೇ ಕೀಲಿ ಐತ್ರಿ ಸಾರ್. ಅಂವ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಹಾಕಂಗಿಲ್ಲ."

"ಸೋಮವಾರ ಮಾತಾಡೋಣ," ಅಂದ.

ಶನಿವಾರ ನಸೀಮಾ ನನ್ನನ್ನ ಗದ್ವಾಲಕ್ಕ ಕಳಿಸಿದ್ಲು. ಆಕಿಗೆ ಮ್ಯಾನೇಜರ್ ಆಫೀಸು ಬಿಡಬ್ಯಾಡ ಅಂದಿದ್ದ. ಮಕ್ತಲ್ ಮ್ಯಾಲಿಂದ ಎರಡು ಬಸ್ಸು. ಅಲ್ಲಿ ಈಗಿನ ಗುಮಾಸ್ತ, ಖೋಲಿಯಾಗಿನ ಟೇಬಲ್ ಫೋನಿನಾಗ ಆಕಿ ಹೇಳಿದಂಗ ಹೊಸಾ ಕೀಲಿ ಮಾಡಿದ. ಈ ಕೀಲಿಗೆ ಎರಡು ಪಾಲು. ಗುಟ್ಟಿನ ಪಾಲು ಗದ್ವಾಲ ಬಿಟ್ಟು ಬರಂಗಿಲ್ಲ. ಇನ್ನೊಂದು ಪಾಲು ನಮ್ಮ ಯಂತ್ರಕ್ಕ ಕೊಡೋದು, ಇಂಥಾ ಕೀಲಿಯಂವ ಬಂದ್ರ ಒಳಗ ಬಿಡು ಅನ್ನೋ ಗುರುತು. ಅದನ್ನ ಪೆನ್‌ಡ್ರೈವಿನಾಗ ಹಾಕಿ ಕೊಟ್ಟ. ನಾ ಸೆರಗಿಗೆ ಗಂಟು ಹಾಕಿ, ಗಂಟಿನ ಮ್ಯಾಲ ಗಂಟು ಹಾಕಿದೆ. ಹಂಗಂತ ಹೇಳಿದ್ರ ಫೋನಿನಾಗ ನಸೀಮಾ ನಕ್ಕಳು. "ಅದು ಕಳದ್ರೂ ಚಿಂತಿಲ್ಲವ್ವಾ, ಊರಿಗೆಲ್ಲಾ ತೋರಿಸಿದ್ರೂ ಚಿಂತಿಲ್ಲ. ಬದಲಿ ಮಾತ್ರ ಆಗಬಾರದು, ಆದ್ರ ಬ್ಯಾರೆಯಂವ ಒಳಗ ಬರ್ತಾನ."

ಬದಲಿ ಆತೋ ಇಲ್ಲೋ ನೋಡಾಕ ಒಂದು ಉಪಾಯ ಇತ್ತು. ಪ್ರತಿ ಕೀಲಿಗೂ ಯಂತ್ರ ಒಂದು ಚಿತ್ರ ಮಾಡಿ ತೋರಿಸ್ತೈತಿ. ಒಂದು ಚೌಕಟ್ಟು, ಒಳಗ ಚುಕ್ಕಿ, ಸುನ್ನಿ, ಗುಣಾಕಾರ, ನೋಡಾಕ ಅರ್ಧ ಅಳಿಸಿದ ರಂಗೋಲಿ ಇದ್ದಂಗ. ಕೀಲಿ ಬ್ಯಾರೆ ಆದ್ರ ಚಿತ್ರನೂ ಬ್ಯಾರೆ ಆಗ್ತೈತಿ. ಗದ್ವಾಲದ ಚಿತ್ರ, ನಮ್ಮಲ್ಲಿ ಬಂದ ಕೀಲಿಯ ಚಿತ್ರ, ಎರಡೂ ಒಂದೇ ಇರಬೇಕು. ಕಂಪ್ಯೂಟರ್ ಇದ್ದದ್ದು ಡಿಸೈನ್ ಖೋಲಿಯಾಗ, ಫೋಟೋ ಹೊಡಿಯಂಗಿಲ್ಲ. ಈರಣ್ಣಗ ಹೇಳಿದೆ, ಪರದೆ ನೋಡಿ ಗ್ರಾಫ್ ಹಾಳಿ ಮ್ಯಾಲ ಬರದು ಕೊಟ್ಟ. ಅಂಥಾ ಕೈ ಅವಂದು, ಒಂದು ಚುಕ್ಕಿ ತಪ್ಪಂಗಿಲ್ಲ. ಹಾಳಿ ಮಡಚಿ ಕುಪ್ಪಸದಾಗ ಇಟ್ಕೊಂಡೆ.

ಸಂಜಿಗೆ ನಾರಾಯಣಪೇಟೆದಾಗ ಇಳಿದು ಆಫೀಸಿಗೆ ಬಂದ್ರ ನಸೀಮಾ ಬಸ್ಸಿಗೆ ಹೋಗಿಬಿಟ್ಟಿದ್ಲು. ಮ್ಯಾನೇಜರ್ ಕೂತಿದ್ದ, ಬಾಜೂಕ ಕಂಪನಿಯಂವ. "ಇಲಾ ಇವ್ವು, ಇಲ್ಲಿ ಕೊಡು, ಸೋಮವಾರ ಆಕಿಗೆ ಕೊಡ್ತೀನಿ," ಅಂತ ಪೆನ್‌ಡ್ರೈವ್ ಇಸಗೊಂಡ. ಮ್ಯಾನೇಜರ್ ಕೇಳಿದ್ರ ಕೊಡಬೇಕು, ಕೊಟ್ಟೆ. ಹಾಳಿ ಅವರು ಕೇಳಲಿಲ್ಲ, ನಾ ಹೇಳಲಿಲ್ಲ.

ಸೋಮವಾರ ಮುಂಜಾನೆ ಮ್ಯಾನೇಜರ್ ಪೆನ್‌ಡ್ರೈವ್ ಕೊಟ್ಟ. ಕಂಪನಿಯಂವ ಹೊಸಾ ಮಿಶಿನಿನ ಡಬ್ಬಿ ಬಾಗಲಾಗ ಇಟ್ಕೊಂಡು ಕುರ್ಚಿ ಹಾಕ್ಕೊಂಡು ಕೂತಿದ್ದ. ಪಾಪ, ಅಂವ ತನ್ನ ಕೆಲಸಕ್ಕ ಬಂದಂವ. ನಸೀಮಾ ಕೀಲಿಯ ಚಿತ್ರ ಪರದೆ ಮ್ಯಾಲ ತಗದ್ಲು. ನಾ ಹಾಳಿ ಬಿಚ್ಚಿ ಬಾಜೂಕ ಹಿಡದೆ.

ಕೂಡಲಿಲ್ಲ.

ಪರದೆಯಾಗ ಚುಕ್ಕಿ ಎಲ್ಲಾ ಎಡಕ ಗುಂಪು, ಹಾಳಿಯಾಗ ಬಲಕ. ನಾ ಸೀದಾ ಕಂಪನಿಯಂವನ ಮಾರಿ ನೋಡಿದೆ. ಎರಡು ರಾತ್ರಿ ಪೆನ್‌ಡ್ರೈವ್ ಇವರ ಕೈಯಾಗ ಇತ್ತು. ನಸೀಮಾನ ಕಿವಿಯಾಗ, "ಬದಲಿ ಮಾಡ್ಯಾರ, ಒದರು," ಅಂದೆ.

"ಏಮೈಂದಿ, ಏನಾತು?" ಅಂದ ಮ್ಯಾನೇಜರ್. "ಕನೆಕ್ಟ್ ಮಾಡು. ಖರೀದಿದಾರರು ಗದ್ವಾಲದ ಹಾದಿ ಹಿಡದಾರ."

ಆಕಿ ಬಾಯಿ ತಗದ್ಲು. ಅಲ್ಲಿ ಆಕಿ ಆ ಮಾತು ಅಂದಿದ್ರ, ಸುಳ್ಳಾದ್ರ ಆ ಘಳಿಗೀಗೇ ನೌಕರಿ ಹೋತು. ಏನೂ ಅನ್ನದೇ ಕಣ್ಣು ಮುಚ್ಚಿ ಕೀಲಿ ಯಂತ್ರಕ್ಕ ಒಪ್ಪಿಸಿದ್ರ, ಖರೇನೇ ಬದಲಿ ಆಗಿದ್ರ, ನೇಕಾರರ ಅನ್ನ ಹೋತು. ಬಾಯಿ ಮುಚ್ಚಿದ್ಲು. ಟೇಬಲ್ಲಿನ ಫೋನ್ ಎತ್ತಿ ಗದ್ವಾಲಕ್ಕ ಹಚ್ಚಿ ಈರಣ್ಣನ ಫೋನಿಗೆ ಕರಸಿದ್ಲು. ಚಿತ್ರ ತಪ್ಪೈತಿ ಅನ್ನಲಿಲ್ಲ. ಯಾರ ಹೆಸರೂ ತಗೀಲಿಲ್ಲ.

"ಅಣ್ಣಾರ, ಶನಿವಾರ ಚಿತ್ರ ಬರದ್ರಲ್ಲ, ಹೆಂಗ ಬರದ್ರಿ? ಒಂದೊಂದಾಗಿ ಹೇಳ್ರಿ."

ಫೋನಿನಾಗ ಅವನ ದನಿ ಖೋಲಿಗೆಲ್ಲಾ ಕೇಳ್ತಿತ್ತು, ಕಿವಿ ಮಂದ ಆದಂವ ಒದರೇ ಮಾತಾಡ್ತಾನ. "ಹೆಂಗಂದ್ರ? ಯಾವಾಗಲೂ ಬರದಂಗ ಬರದೆ ತಂಗಿ. ಎಡಕಿನ ಸಾಲು ನೋಡಿದೆ, ಬಲಕ ತುಂಬಿದೆ."

"ಎಡಕಿಂದು ಬಲಕ ಯಾಕ್ರಿ?"

"ಅಯ್ಯ, ಮಗ್ಗಕ್ಕ ಹಂಗೇ ಬರಿಯೋದು! ನೇಯೋವಾಗ ಬಾರ್ಡರಿನ ಹಿಂಬದಿ ಮ್ಯಾಲ ಇರ್ತೈತಿ. ಸೀದಾ ಬರದ್ರ ಸೀರಿ ಮ್ಯಾಲ ಉಲ್ಟಾ ಬೀಳ್ತೈತಿ. ಮೂವತ್ತು ವರ್ಷ ಆತು, ನಂಗ ಕಲಸ್ತಿ?"

"ಇದು ಮಗ್ಗಕ್ಕ ಹಾಕೋದಲ್ರಿ ಅಣ್ಣಾ."

"ಅಲ್ಲ? ಮತ್ತ ಯಾಕ ಬರಸಿದ್ರಿ? ನಾ ಹೊಸಾ ಬಾರ್ಡರ್ ಅಂತ ಬಣ್ಣನೂ ವಿಚಾರ ಮಾಡೀನಿ."

ನಸೀಮಾ ಹಾಳಿ ತಿರುಗಿಸಿ ಕಿಡಕಿ ಬೆಳಕಿಗೆ ಹಿಡದ್ಲು. ಹಿಂಬದಿಯಿಂದ ಕಂಡ ಚಿತ್ರ ಪರದೆಗೆ ಕೂಡ್ತು. ಅಷ್ಟಕ್ಕ ಬಿಡಲಿಲ್ಲ ಆಕಿ. ಈರಣ್ಣನ ಕಡಿಯಿಂದ ಅಲ್ಲಿನ ಪರದೆ ಮ್ಯಾಲಿದ್ದಂಗ ಎಡದಿಂದ ಬಲಕ್ಕ ಸಾಲುಸಾಲು ಹೇಳಿಸಿ, ಕೂಡಿಸಿ ನೋಡಿ, ಆಮ್ಯಾಲ ಕೀಲಿ ಯಂತ್ರಕ್ಕ ಒಪ್ಪಿಸಿದ್ಲು. ಕಂಪನಿಯಂವನ ಮಾರಿ ಮತ್ತ ನೋಡಾಕ ನಂಗ ಧೈರ್ಯ ಆಗಲಿಲ್ಲ. ಅವನಿಗೆ ಒಂದು ಚಾ ಹೆಚ್ಚಿಗಿ ತಂದು ಕೊಟ್ಟೆ.

ಖರೀದಿದಾರರು ಬರೋವಷ್ಟಿಗೆ ಗದ್ವಾಲದಾಗ ಬಾರ್ಡರ್ ಕಂಡ್ವು. ಕಂಪನಿಯಂವಗ ಮ್ಯಾನೇಜರ್, "ಟೀ ತಾಗಿ ವೆಳ್ಳಂಡಿ, ಚಾ ಕುಡದು ಹೋಗ್ರಿ," ಅಂದ. ಡಬ್ಬಿ ಆಟೋದಾಗ ಹೋತು. ಮುಗೀತು ಅಂತ ನಾ ತಿಳ್ಕೊಂಡೆ.

ಮುಗದಿರಲಿಲ್ಲ. ಸಂಜಿಗೆ ಮ್ಯಾನೇಜರ್ ನಸೀಮಾನ ಕರದ. ಬುಧವಾರದಿಂದ ಗದ್ವಾಲದ ಕೆಲಸ ನಿಂತದ್ದಕ್ಕ ಸಮಜಾಯಿಷಿ ಬರದು ಕೊಡು, ಕಮಿಟಿ ಮುಂದ ಇಡ್ತೀನಿ ಅಂದ. ಅವನ ಲೆಕ್ಕ ನಂಗ ಗೊತ್ತಿತ್ತು. ಆಕಿ ಲೈನ್ ಸರಿ ಇರಲಿಲ್ಲ, ಕರೆಂಟ್ ಹೋಗಿತ್ತು ಅಂತ ಬರೀತಾಳ, ಅಂವ ಒಂದೊಂದೇ ಎಳಿ ಎಳದು ಸುಳ್ಳು ಅಂತ ತೋರಸ್ತಾನ, ಹೊರಗ ಹಾಕ್ತಾನ. ಅವನಿಗಿಂತ ಹಿಂದಿನ ಮ್ಯಾನೇಜರುಗಳು ಎಷ್ಟು ಮಂದೀನ ಹಿಂಗೇ ಕಳಿಸ್ಯಾರ.

"ತಪ್ಪು ಲೈನ್ ಮ್ಯಾಲ ಹಾಕು, ಯಾರು ನೋಡ್ತಾರ," ಅಂತ ನಾನೇ ಹೇಳಿದೆ.

"ನಕ್ಕೋ ಅವ್ವಾ, ಸುಳ್ಳು ಬ್ಯಾಡ," ಅಂದ್ಲು. ಕೂತು ಅರ್ಧ ಹಾಳಿ ಬರದ್ಲು. ಬುಧವಾರ ಹೊಸಾ ಆವೃತ್ತಿ ಹಾಕಿದೆ. ಮೊದಲು ಓದಬೇಕಾದ ಪುಟ ಪೂರಾ ಓದಲಿಲ್ಲ, ತಪ್ಪು ನನ್ನದು. ಅದಕ ಗದ್ವಾಲದ ಹಳೇ ಕೀಲಿ ನಿಂತಿತು. ಹಿಂಗ ಸರಿ ಮಾಡಿದೆ. ಇನ್ನ ಮುಂದ ಓದಿದ ಮ್ಯಾಲೇ ಹಾಕ್ತೀನಿ. ಕೆಳಗ ಸಹಿ.

ಮ್ಯಾನೇಜರ್ ಓದಿದ. ಹಾಳಿ ತಿರುಗಿಸಿ ಹಿಂಬದಿ ನೋಡಿದ, ಅಲ್ಲಿ ಏನೂ ಇರಲಿಲ್ಲ.

"ತಪ್ಪು ನಂದು ಅಂತ ನೀನೇ ಬರದಿ."

"ಹೌದ್ರಿ ಸಾರ್."

"ಕರೆಂಟ್?"

"ಇತ್ತು ಸಾರ್."

"ಲೈನು?"

"ಚಲೋ ಇತ್ತು ಸಾರ್."

ಪೆನ್ನಿಗೆ ಮುಚ್ಚಳ ಹಾಕಿದ. ಎಳದು ತೋರಸಾಕ ಆ ಹಾಳಿಯಾಗ ಸುಳ್ಳೇ ಇರಲಿಲ್ಲ. ಆ ಹಾಳಿ ಕಮಿಟಿ ಮುಂದ ಇಟ್ರ, ಸೋಮವಾರದೊಳಗ ಸರಿ ಮಾಡಿದಾಕಿ ಯಾರು, ಹೊಸಾ ಡಬ್ಬಿ ತರಸಿದಂವ ಯಾರು ಅನ್ನೋದೂ ಕಮಿಟಿ ಕೇಳ್ತೈತಿ. ಕಡೀಗೆ, "ವೆಳ್ಳು, ಹೋಗಿ ಕೆಲಸ ನೋಡು," ಅಂದ.

ನಸೀಮಾ ಇನ್ನೂ ಅಲ್ಲೇ ಅದಾಳ. ಆವತ್ತಿಂದ ಆ ಆಫೀಸಿನಾಗ ಸಮಜಾಯಿಷಿ ಕೇಳೋದು ಕಮ್ಮಿ ಆಗೈತಿ. ಕೇಳಿದ್ರ ಇದ್ದದ್ದು ಇದ್ದಂಗ ಬರದು ಕೊಟ್ಟುಬಿಟ್ಟಾರು ಅಂತ ಹೆದರಿಕಿ.